ಕಾಯಬಾರದ ಹಾಡು

ಧ್ವನಿಮುದ್ರಣದ ಹೊತ್ತು ಉರಿಯುವ, ಸ್ಟುಡಿಯೊ ಬಾಗಿಲ ಮೇಲಿನ ಕೆಂಪು ದೀಪ ಒಂದೇ ಹಾಡಿಗೆ ಹನ್ನೊಂದನೆಯ ಸಲ ಆರಿತು. ಆಳೆತ್ತರದ ತಂತಿವಾದ್ಯ, ನನ್ನ ಡಬಲ್ ಬಾಸನ್ನು ಗೋಡೆಗೆ ಒರಗಿಸಿದೆ. ಇನ್ನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಅದು ಸೆರಫಿನಕ್ಕನ ಜಾಜ್ ಹಾಡುಗಳ ಧ್ವನಿಮುದ್ರಣ. ಕ್ಲಬ್ಬಿನಲ್ಲಿ ಇಪ್ಪತ್ತು ವರ್ಷ ಹಾಡಿದರೂ ಅಕ್ಕನ ದನಿ ಒಂದು ಗ್ರಾಮಫೋನ್ ತಟ್ಟೆಗೂ ಇಳಿದಿರಲಿಲ್ಲ. ಮಂಗಳವಾರ ಗಂಟಲಿನ ಶಸ್ತ್ರಚಿಕಿತ್ಸೆ; ಆಮೇಲೆ ಹಾಡುವ ಆಸೆ ಇಟ್ಟುಕೊಳ್ಳಬೇಡಿ ಎಂದು ವೈದ್ಯರು ಹೇಳಿಬಿಟ್ಟಿದ್ದರು. ಸ್ಟುಡಿಯೊ ಸಿಕ್ಕಿದ್ದು ಅದೊಂದೇ ದಿನ. ಏಳು ಹಾಡು ಸರಾಗವಾಗಿ ಮುಗಿದು, ಕೊನೆಯ ನಿಧಾನದ ಹಾಡೊಂದು ಉಳಿದಿತ್ತು.

ರಗಳೆಯೆಲ್ಲ ಪಿಯಾನೊ ನುಡಿಸುತ್ತಿದ್ದ ಅಕ್ಕನ ಗಂಡ ಲಿಗೋರಿ ಮಾಸ್ತರರದು. ಅಕ್ಕ ಪ್ರತಿ ಸಾಲನ್ನೂ ತಾಳಕ್ಕಿಂತ ಕೊಂಚ ತಡವಾಗಿ ಎತ್ತಿಕೊಳ್ಳುತ್ತಿದ್ದರು. ಅವರ ಹಾಡಿಕೆಯ ಸೊಗಸೇ ಅದು. ನಾವು ತಾಳ ಬಿಡದೆ ನಡೆದರೆ ಮಾತ್ರ ಆ ತಡ ಚೆಂದ. ಮಾಸ್ತರರೋ, ಹೆಂಡತಿ ಹಿಂದುಳಿದಳೆಂದು ಬೆರಳು ತಡೆದು ಕಾಯುವರು. ಅವರು ಕಾದಷ್ಟೂ ಅಕ್ಕ ಇನ್ನಷ್ಟು ಹಿಂದೆ ಸರಿಯುವರು. ಯಾರ ಜೊತೆ ಹೋಗಬೇಕೆಂದು ತಿಳಿಯದೆ ಡ್ರಮ್ಮಿನ ಮೋನಪ್ಪ ಕಕ್ಕಾಬಿಕ್ಕಿ. ಮೂರನೆಯ ಸಾಲಿನ ಹೊತ್ತಿಗೆ ಹಾಡು ಏದುಸಿರು ಬಿಡುತ್ತ ನಿಂತೇ ಹೋಗುತ್ತಿತ್ತು.

“ಕಾಯ್ಬೇಡಿ ಅಂತ ಎಷ್ಟು ಸಲ ಹೇಳುದು ಮಾಸ್ಟ್ರೇ? ಉಳಿದ ಏಳು ಹಾಡಿಗೆ ಹೀಗೆ ಮಾಡ್ಲಿಲ್ಲ ನೀವು!” ಎಂದು ರೇಗಿದೆ.

ಮಾಸ್ತರರು ತಲೆಯೆತ್ತಲಿಲ್ಲ. “ಇದು ಮುಗಿದ್ರೆ ಮತ್ತೆ ಇಲ್ಲ ಅಲ್ವಾ ಮಾರಾಯ,” ಎಂದರು.

ನನಗೆ ನಾಚಿಕೆಯಾಯಿತು. ಆದರೂ ಸಿಟ್ಟು ಇಳಿಯಲಿಲ್ಲ. ಹೊರಗೆ ಬಿಸಿಲು ಬಾಗುತ್ತಿತ್ತು, ಅಕ್ಕನ ದನಿ ಆಗಲೇ ಒಡೆಯತೊಡಗಿತ್ತು.

ಸೆರಫಿನಕ್ಕ ಮೈಕಿನ ಕಂಬವನ್ನು ದರದರ ಎಳೆದು ಗೋಡೆಯ ಕಡೆ ತಿರುಗಿಸಿದರು. ಗಂಡನಿಗೆ ಬೆನ್ನು ಮಾಡಿ ನಿಂತರು. “ನನ್ನ ಮುಖ ನೋಡಿಕೊಂಡು ಕೂತದ್ದು ಸಾಕು. ಗಂಟಲು ಇವತ್ತೊಂದು ದಿನ ಉಂಟು, ಅದನ್ನೂ ನೀವು ಕಾದೇ ಕಳೀಬೇಡಿ. ಮುಂದೆ ಹೋಗಿ. ನಾನು ಬರ್ತೇನೆ.”

ಕೆಂಪು ದೀಪ ಹತ್ತಿತು. ಮಾಸ್ತರರು ಕಣ್ಣು ಮುಚ್ಚಿಕೊಂಡು ನುಡಿಸಿದರು. ಗಲ್ಲದ ಮೇಲೆ ನೀರು ಇಳಿಯುತ್ತಿದ್ದರೂ ಕೈ ನಿಲ್ಲಲಿಲ್ಲ. ಹೊರಟ ಬಸ್ಸನ್ನು ಹಾರಿ ಹತ್ತುವವರಂತೆ ಅಕ್ಕ ಪ್ರತಿ ಸಾಲಿಗೂ ತಡವಾಗಿ ಬಂದು, ಸರಿಯಾಗಿ ಹತ್ತಿದರು. ಕೊನೆಯ ಸ್ವರ ಒತ್ತಿ ಮಾಸ್ತರರು ಕೈಯೆತ್ತಿದಾಗ ಅಕ್ಕನ ಕೊನೆಯ ಪದ ಇನ್ನೂ ಬಂದಿರಲಿಲ್ಲ. ಅದು ನಿಶ್ಶಬ್ದದಲ್ಲಿ ಒಂಟಿಯಾಗಿ ಬಂತು.

ಮಂಗಳವಾರದ ನಂತರ ಅಕ್ಕನಿಗೆ ಉಳಿದದ್ದು ಪಿಸುಮಾತು ಮಾತ್ರ.

ಈಗಲೂ ನಾನು ಆ ತಟ್ಟೆ ಹಾಕಿದರೆ, ಹಾಡು ಮುಗಿಯಿತೆಂದು ಯಾರಾದರೊಬ್ಬರು ಮುಳ್ಳೆತ್ತಲು ಹೋಗುತ್ತಾರೆ. “ಕೈ ತೆಗೀರಿ ಮಾರಾಯ್ರೆ, ಅಕ್ಕ ಇನ್ನೂ ಬರ್ಲಿಲ್ಲ!” ಎಂದು ಗದರುತ್ತೇನೆ. ಅವರು ಕೈ ಹಿಂದೆಗೆಯುತ್ತಾರೆ. ತಟ್ಟೆ ತಿರುಗುತ್ತಿರುತ್ತದೆ, ನಾವು ಕಾಯುತ್ತೇವೆ.