ಸೂರಮ್ಮನ ಕೈಗುಣ

ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ನನ್ನ ಹೆಂಡತಿ ಪ್ರೇಮಲತಾ ಹೇಳುತ್ತಾಳೆ. ಇರಲಿ. ಚಳ್ಳಕೆರೆಯಲ್ಲಿ ಅಕ್ವೇರಿಯಂ ಅಂಗಡಿ ಇಟ್ಟುಕೊಂಡು ಶಾಂತವಾಗಿರುವ ಮನುಷ್ಯನನ್ನು ತೋರಿಸಿ, ಅವನ ಕಾಲಿಗೆ ಬೀಳುತ್ತೇನೆ. ಜನ ಮೀನಿಗೆ ಅನ್ನ ಹಾಕುತ್ತಾರೆ, ಮಂಡಕ್ಕಿ ಹಾಕುತ್ತಾರೆ, ಒಬ್ಬ ಮಹಾನುಭಾವ ಶೇಂಗಾ ಹಿಂಡಿ ಹಾಕಿದ್ದ. ಸತ್ತ ಮೇಲೆ ಚೀಲದಲ್ಲಿ ಹೆಣ ತಂದು ನನ್ನ ಮುಂದಿಟ್ಟು, "ಎಂಥ ಮೀನು ಕೊಟ್ಟಿದ್ದಪ್ಪ ಗೋವರ್ಧನ" ಅನ್ನುತ್ತಾರೆ. ಸ್ವಾಮಿ, ಕೆಡುವುದು ಮೀನಲ್ಲ, ನೀರು. ಇದನ್ನು ಬೋರ್ಡಿನಲ್ಲಿ ಬರೆಸಿ ನೇತು ಹಾಕಿದೆ. ಯಾರೂ ಓದಲಿಲ್ಲ.

ಜಂಬುಲಿಂಗಪ್ಪ ಸಾಹುಕಾರರ ಮನೆಯ ತೊಟ್ಟಿ ಮಾತ್ರ ನನಗೇ ಅರ್ಥವಾಗಿರಲಿಲ್ಲ. ಎಣ್ಣೆ ಮಿಲ್ಲಿನ ಸಾಹುಕಾರರು ಅವರು. ನಡುಮನೆಯಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ, ಅದರಲ್ಲಿ ವಾಸ್ತುವಿಗೆಂದು ಎಂಟು ಬಂಗಾರದ ಬಣ್ಣದ ಮೀನು, ಒಂದು ಕರಿಯದು. ಮೊದಲ ಮೀನು ಸತ್ತಾಗ ಮನೆಗೆ ಬರಬೇಕಾಗಿದ್ದ ಕಂಟಕವನ್ನು ಅದು ತಗೊಂಡು ಹೋಯಿತೆಂದು ಸಮಾಧಾನಪಟ್ಟರು. ಆಮೇಲೆ ನಾಲ್ಕೈದು ದಿನಕ್ಕೊಂದು ಸಾಯತೊಡಗಿತು. ಒಂದು ಮನೆಗೆ ಎಷ್ಟು ಕಂಟಕ ಇರಲು ಸಾಧ್ಯ? ಸಾಹುಕಾರರ ಹೆಂಡತಿ ಮಂಜುಳಮ್ಮನವರು ಕಾರಣ ಹುಡುಕಲು ಹೊರಟರು. ಅವರ ಕಣ್ಣಿಗೆ ಬಿದ್ದವಳು ಸೂರಮ್ಮ.

ಸೂರಮ್ಮ ನನ್ನಿವಾಳದವಳು, ನಮ್ಮ ಪೈಕಿಯವಳೇ. ನಾನು ದೊಡ್ಡವ್ವ ಅಂತ ಕರೆಯುತ್ತೇನೆ. ದಿನಾ ಬೆಳಗಿನ ಬಸ್ಸಿಗೆ ಬಂದು ಸಾಹುಕಾರರ ಮನೆಯ ಕಸ ಮುಸುರೆ ಮಾಡಿ ಹೋಗುತ್ತಿದ್ದಳು. ಆದರೆ ಜನ ಅವಳನ್ನು ಬಲ್ಲದ್ದು ಅದರಿಂದಲ್ಲ. ಹಸುಗೂಸಿಗೆ ಎರೆಯುವುದರಲ್ಲಿ ಅವಳದು ಎತ್ತಿದ ಕೈ. ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿ, ಎಣ್ಣೆ ತಿಕ್ಕಿ ನೀರು ಹೊಯ್ದಳೆಂದರೆ ಎಂಥ ರಂಪದ ಕೂಸೂ ಅಲ್ಲೇ ಕಣ್ಣು ಮುಚ್ಚುತ್ತಿತ್ತು. ಸೂರಮ್ಮನ ಕೈಗುಣ ಅಂತ ಬಸುರಿಯರು ಮೊದಲೇ ಅವಳಿಗೆ ಹೇಳಿ ಇಡುತ್ತಿದ್ದರು. ನನ್ನ ಮಗ ಚಿರಂಜೀವಿಗೆ ಎರೆದವಳೂ ಅವಳೇ. ಪ್ರೇಮಲತಾಳ ಎರಡನೆಯ ಹೆರಿಗೆಗೆ ತುಂಬಾ ದಿನವಿರಲಿಲ್ಲ, ನಾವೂ ಹೇಳಿ ಇಟ್ಟಿದ್ದೆವು.

ಅಂಥ ಕೈಯನ್ನೇ ಮಂಜುಳಮ್ಮನವರು ಹಿಡಿದರು. ಅವಳು ತೊಟ್ಟಿಗೆ ಕೈ ಹಾಕಿದ ನಾಲ್ಕು ದಿನಕ್ಕೆ ಒಂದು ಮೀನು ಸಾಯುತ್ತದೆ, ಅವಳ ಕೈಗುಣ ಕೆಟ್ಟಿದೆ ಎಂದು ಬಂದ ನೆಂಟರಿಗೆಲ್ಲ ಹೇಳಿದರು. ಮಾತು ಬೀದಿಗೆ ಬಂತು. ಒಂದು ದಿನ ಸೂರಮ್ಮ ನೇರ ನನ್ನ ಅಂಗಡಿಗೆ ಬಂದು ನಿಂತಳು.

"ಲೇ ಗೋವರ್ಧನ, ನೀರು ನೋಡೋ ಸೀಸೆ ತಗೊಂಡು ಬಾ. ನಂದೇ ತಪ್ಪಿದ್ರೆ ನನ್ನ ಮುಖಕ್ಕೇ ಹೇಳು. ಕಸ ಮುಸುರೆ ಇನ್ನೊಂದು ಮನೇಲಿ ಸಿಗ್ತೈತೆ. ಈ ಕೈ ಕೆಟ್ಟದ್ದು ಅಂತ ಹೆಸರು ಬಂದ್ರೆ ನನ್ನ ಕಾಲ ಮೇಲೆ ಯಾರು ಕೂಸು ಹಾಕ್ತಾರೆ?"

ಹೋದೆ. ತೊಟ್ಟಿಯ ನೀರನ್ನು ಸೀಸೆಗೆ ತುಂಬಿ ಹನಿ ಔಷಧಿ ಬಿಟ್ಟೆ. ಕಡು ಹಸಿರಿಗೆ ತಿರುಗಿತು, ಅಂದರೆ ಅಮೋನಿಯಾ. ಮೀನಿನ ಹೇಲು, ಉಳಿದ ಆಹಾರ ಕೊಳೆತು ಹುಟ್ಟುವ ವಿಷ ಅದು. ನಮ್ಮ ಬೋರಿನ ಸವುಳು ನೀರಿನಲ್ಲಿ ಅದಕ್ಕೆ ಇನ್ನೂ ಬಲ ಜಾಸ್ತಿ. ಹಳೆಯ ತೊಟ್ಟಿಯಾದರೆ ಫಿಲ್ಟರಿನ ಸ್ಪಂಜಿನಲ್ಲಿ ಕಂದು ಲೋಳೆ ಕಟ್ಟಿರುತ್ತದೆ. ಆ ಲೋಳೆಯಲ್ಲಿರುವ ಜೀವಾಣುಗಳು ವಿಷವನ್ನು ತಿಂದು ನೈಟ್ರೇಟ್ ಮಾಡುತ್ತವೆ, ಅದರಿಂದ ಮೀನಿಗೆ ಅಷ್ಟು ತೊಂದರೆಯಿಲ್ಲ. ಎರಡನೇ ಸೀಸೆಯಲ್ಲಿ ನೈಟ್ರೇಟ್ ನೋಡಿದೆ. ಒಂದು ಚೂರೂ ಇಲ್ಲ. ಮೂರು ವರ್ಷದ ತೊಟ್ಟಿ ನಿನ್ನೆ ತುಂಬಿಸಿದ ಹಾಗಿತ್ತು. ಫಿಲ್ಟರ್ ಬಿಚ್ಚಿದರೆ ಸ್ಪಂಜು ಮಲ್ಲಿಗೆ ಹೂವಿನಷ್ಟು ಬಿಳಿ.

"ಇದನ್ನು ಯಾರು ತೊಳೀತಾರೆ ಅಮ್ಮಾರೇ?" ಎಂದೆ.

ಮಂಜುಳಮ್ಮನವರು ಏನೂ ಮುಚ್ಚಿಡಲಿಲ್ಲ. "ಸತ್ತ ಮೀನು ನಾವ್ಯಾರೂ ಮುಟ್ಟಲ್ಲಪ್ಪ. ಸೂರಮ್ಮನೇ ಕೈ ಹಾಕಿ ತೆಗೀತಾಳೆ. ಮೀನು ತಿನ್ನೋರ ಕೈ ಅಲ್ವ ಅದು, ನೀರಿಗೆ ಬಿದ್ದ ಮೇಲೆ ಹಂಗೇ ಬಿಡಾಕಾಗ್ತೈತಾ? ನಮ್ಮ ಮಗ ಅಮರೇಶನ ಕೈಲಿ ನೀರೆಲ್ಲ ಚೆಲ್ಲಿಸಿ, ಸ್ಪಂಜು ಬಿಸಿನೀರಾಗೆ ಉಜ್ಜಿಸಿ, ಹೊಸ ನೀರು ತುಂಬಿಸ್ತೀನಿ."

"ನಾನೂ ಮೀನು ತಿನ್ನೋನೇ ಅಮ್ಮಾರೇ."

"ನೀನು ಬಂದು ಹೋದ ಮೇಲೂ ಚೆಲ್ಲಿಸ್ತೀವಿ" ಎಂದರು.

ಮೈಯೆಲ್ಲ ಉರಿಯಿತು. ಮೀನು ಸತ್ತರೆ ಸೂರಮ್ಮ ಕೈ ಹಾಕಬೇಕು. ಅವಳು ಕೈ ಹಾಕಿದರೆ ಇವರು ತೊಳೆಯಬೇಕು. ತೊಳೆದರೆ ಲೋಳೆ ಹೋಗುತ್ತದೆ, ನಾಲ್ಕು ದಿನಕ್ಕೆ ವಿಷ ಏರುತ್ತದೆ, ಇನ್ನೊಂದು ಮೀನು ಸಾಯುತ್ತದೆ, ಅದನ್ನು ತೆಗೆಯಲು ಮತ್ತೆ ಸೂರಮ್ಮ ಬರಬೇಕು. ಮೀನುಗಳನ್ನು ಕೊಂದದ್ದು ಇವರ ಮಡಿ. ಅಂಗಡಿಗೆ ಬಂದವರಿಗೆಲ್ಲ ಗಂಟಲು ಹರಿಯುವಂತೆ ಕೂಗುವ ನಾನು ಆ ನಡುಮನೆಯಲ್ಲಿ ದನಿ ತಗ್ಗಿಸಿಕೊಂಡೆ. "ತೊಳೆಯೋದಕ್ಕೇ ಸಾಯ್ತಿರೋದು ಅಮ್ಮಾರೇ. ನೀರು ಪೂರ್ತಿ ಚೆಲ್ಲಬ್ಯಾಡ್ರಿ, ಸ್ಪಂಜು ಮುಟ್ಟಬ್ಯಾಡ್ರಿ. ದೊಡ್ಡವ್ವನ ಕೈದು ಏನೂ ಇಲ್ಲ" ಎಂದೆ. ಹೇಳಿದ್ದೇನೋ ಹೇಳಿದೆ, ಆದರೆ ಅವರೊಬ್ಬರ ಕಿವಿಗೆ ಮಾತ್ರ. ಸೂರಮ್ಮ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅವಳನ್ನು ಕರೆಸಿ ಅವಳ ಮುಂದೆ, ಮನೆಯವರೆಲ್ಲರ ಮುಂದೆ ಹೇಳಬೇಕಿತ್ತು.

ಮಂಜುಳಮ್ಮನವರು ದಡ್ಡರಲ್ಲ. ನಾನು ಹೇಳಿದ್ದು ಪೂರ್ತಿ ಅರ್ಥವಾಯಿತು. "ಹಂಗಾದ್ರೆ ಕೈ ಬೀಳದಂಗೆ ನೋಡ್ಕೊಂಡ್ರೆ ಆತು. ಕೈ ಬೀಳದಿದ್ರೆ ತೊಳೆಯೋದೂ ಬ್ಯಾಡ" ಎಂದರು. ಅಂಗಡಿಯಿಂದ ಉದ್ದ ಹಿಡಿಯ ಬಲೆ ತರಿಸಿಕೊಂಡರು. ಮರುದಿನವೇ ಸೂರಮ್ಮನನ್ನು ಕೆಲಸ ಬಿಡಿಸಿದರು.

ನನ್ನ ಸೀಸೆ ಸುಳ್ಳು ಹೇಳಿರಲಿಲ್ಲ. ತೊಳೆಯುವುದು ನಿಂತಿತು, ಸ್ಪಂಜು ಲೋಳೆ ಕಟ್ಟಿತು, ಒಂದೂವರೆ ತಿಂಗಳಾದರೂ ಒಂದು ಮೀನೂ ಸಾಯಲಿಲ್ಲ. ಊರಿಗೆ ಇನ್ನೇನು ಬೇಕು? ಅವಳು ಹೋದಳು, ಮೀನು ಉಳಿದವು. ನನ್ನ ತಪಾಸಣೆಯೇ ಅವಳ ವಿರುದ್ಧ ಸಾಕ್ಷಿಯಾಗಿ ನಿಂತಿತು.

ತಡೆಯಲಾಗದೆ ಮಿಲ್ಲಿಗೆ ಹೋಗಿ ಸಾಹುಕಾರರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡರು. "ನೀನು ಸೀಸೆ ನೋಡಿ ಹೇಳ್ತೀಯ, ನಾನು ತೊಟ್ಟಿ ನೋಡಿ ಹೇಳ್ತೀನಿ. ಮೀನು ಚೆನ್ನಾಗವೆ. ಅಷ್ಟು ಸಾಕು ಬಿಡಪ್ಪ" ಎಂದು ನನಗೆ ಚಾ ತರಿಸಿದರು. ಅಂಗಡಿಯಲ್ಲಿ ಹೇಳಿದೆ, ಬಸ್ ನಿಲ್ದಾಣದಲ್ಲಿ ಹೇಳಿದೆ. ಜನ ಹೌದೌದು ಎಂದು ತಲೆಯಾಡಿಸಿ, ಮೀನಿನ ಆಹಾರ ತಗೊಂಡು ಹೋದರು. ಸೂರಮ್ಮನಿಗೆ ಹೇಳಿ ಇಟ್ಟಿದ್ದ ಬಾಣಂತಿಯರು ಒಬ್ಬೊಬ್ಬರೇ ಬೇರೆಯವರನ್ನು ಗೊತ್ತು ಮಾಡಿಕೊಂಡರು.

ಅಷ್ಟರಲ್ಲಿ ನನಗೆ ಮಗಳು ಹುಟ್ಟಿದಳು. ಬಾಣಂತನಕ್ಕೆ ಅತ್ತೆ ನಿಂಗಕ್ಕ ಮೊಳಕಾಲ್ಮುರು ಕಡೆಯ ಕೊಂಡ್ಲಹಳ್ಳಿಯಿಂದ ಬಂದಿದ್ದರು. ನಾಳೆ ದೊಡ್ಡವ್ವನನ್ನು ಕರೆಸುತ್ತೇನೆ ಎಂದೆ.

"ವದ್ದು ನಾಯ್ನಾ, ಆಯಮ್ಮ ಬ್ಯಾಡ. ನಾನೇ ಎರೀತೀನಿ" ಎಂದರು ಅತ್ತೆ, ಅರ್ಧ ತೆಲುಗಿನಲ್ಲಿ.

ಪ್ರೇಮಲತಾಳ ಮುಖ ನೋಡಿದೆ. ಅವಳಿಗೆ ಹಸಿರು ಸೀಸೆಯನ್ನೇ ತಂದು ತೋರಿಸಿ, ಮಗ್ಗಿ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟಿದ್ದೆ. ಅವಳೂ ಆಗ ಮಂಜುಳಮ್ಮನವರನ್ನು ಬಾಯಿಗೆ ಬಂದಂತೆ ಬೈದಿದ್ದಳು. "ನೀವು ಹೇಳಿದ್ದು ನಿಜಾನೇ. ನಾನು ಇಲ್ಲ ಅನ್ನಲ್ಲ" ಎಂದಳು ಕೂಸನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತ. "ಆದ್ರೆ ಅದು ಮೀನು. ಇದು ನಮ್ಮ ಕೂಸು. ಸುಮ್ನೆ ಯಾಕೆ?"

ಕೂಗಾಡಬೇಕಿತ್ತು. ಕೋಪವೇ ಬರಲಿಲ್ಲ. ನನ್ನೊಳಗೂ ಎಲ್ಲೋ ಒಂದು ಕಡೆ ಅದೇ 'ಸುಮ್ನೆ ಯಾಕೆ' ಕೂತಿತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಇತ್ತು.

ಐದನೇ ದಿನ ಬೆಳಿಗ್ಗೆ ಸೂರಮ್ಮ ಯಾರೂ ಕರೆಯದೆ ತಾನೇ ಬಂದಳು. ತೊಳೆದ ಸೀರೆ ಉಟ್ಟಿದ್ದಳು, ಕೈಯಲ್ಲಿ ಹರಳೆಣ್ಣೆಯ ಬಾಟಲಿ ಇತ್ತು. ನಾನು ಬಾಗಿಲಲ್ಲೇ ಅಡ್ಡ ನಿಂತೆ.

"ಡಾಕ್ಟ್ರು ಹದಿನೈದು ದಿನ ಕೂಸಿಗೆ ನೀರು ಹಾಕಬ್ಯಾಡಿ ಅಂದವ್ರೆ ದೊಡ್ಡವ್ವ" ಎಂದೆ.

ಅದೇ ಹೊತ್ತಿಗೆ ಒಳಗೆ ಬಚ್ಚಲಿನಲ್ಲಿ ಅತ್ತೆ ತಂಬಿಗೆಯಿಂದ ನೀರು ಹೊಯ್ದ ಸದ್ದು ಕೇಳಿತು. ಕೂಸು ಕಿಟಾರನೆ ಚೀರಿತು. ಸೂರಮ್ಮ ನನ್ನ ಮುಖ ನೋಡಲಿಲ್ಲ. ತಲೆ ಒಂದಿಷ್ಟು ಓರೆ ಮಾಡಿ ಆ ಅಳುವನ್ನೇ ಕೇಳಿಸಿಕೊಂಡಳು.

"ನೀರು ಬಿಸಿ ಜಾಸ್ತಿ ಆಗೈತೆ. ಎರಡು ತಂಬಿಗೆ ತಣ್ಣೀರು ಬೆರೆಸಾಕೆ ಹೇಳು" ಎಂದು ಬಾಟಲಿಯನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದಳು.

ಒಳಗೆ ಓಡಿ ಅತ್ತೆ ಎರೆಯುತ್ತಿದ್ದ ನೀರಿಗೆ ಕೈ ಅದ್ದಿದೆ. ಸುಡುತ್ತಿತ್ತು.