ತುಂಬಿದ ಕೊಡದವರೆಗೆ

ಬೋರಲು ಹಾಕಿದ ಕೊಡ ಸಾವಿನ ಸಂಕೇತ, ತುಂಬಿದ ಕೊಡ ಬದುಕಿನದು ಎಂದು ಕನ್ನಡ ಕಲಿಸುವ ಶ್ರೀದೇವಿ ರಾಣೆಬೆನ್ನೂರಿನ ಕಾಲೇಜಿನಲ್ಲಿ ವರ್ಷವರ್ಷವೂ ಗಿಳಿಪಾಠ ಒಪ್ಪಿಸುತ್ತ ಬಂದಿದ್ದಳು. ಈ ಕೊಡಗಳಿದ್ದ ಪಠ್ಯದ ಹಳೆಯ ಕತೆ ಮುದುಕಿಯೊಬ್ಬಳ ಹೆಣದಿಂದ ಶುರುವಾಗಿ, ಹಿಂದೆ ಹಿಂದೆ ಸರಿದು, ಅವಳು ಹರೆಯದಲ್ಲಿ ತುಂಬಿದ ಕೊಡ ಹೊತ್ತು ಬರುವಲ್ಲಿಗೆ ಮುಗಿಯುತ್ತಿತ್ತು.

"ಸತ್ತಿದ್ದು ಮೊದಲ ಗೊತ್ತಾದಮ್ಯಾಲೆ ಉಳಿದಿದ್ದು ಯಾಕ ಓದಬೇಕ್ರಿ ಮೇಡಂ?" ಎಂದು ಜಾಹೀದಾ ಎಂಬ ಹುಡುಗಿ ಕೇಳಿದಳು. "ಕುತೂಹಲ ಹುಟ್ಟಸಾಕ," ಎಂದು ಶ್ರೀದೇವಿ ಗೈಡಿನ ಉತ್ತರವನ್ನೇ ಕೊಟ್ಟಳು. ಹುಡುಗಿ ಒಪ್ಪಲಿಲ್ಲ, ಮೇಡಂಗೆ ಸಿಟ್ಟು ಬಂತು.

ಅಷ್ಟರಲ್ಲಿ ತಮ್ಮ ಫಕ್ಕೀರೇಶ ಬಾಗಿಲಿಗೆ ಬಂದು ನಿಂತ. ಕಾಲೇಜಿನಲ್ಲಿ ಫೋನಿದ್ದರೂ ತಾನೇ ಬಂದಿದ್ದ. "ಅಕ್ಕಾ, ಅವ್ವಗ ಒಂದೀಟು ಆರಾಮಿಲ್ಲ. ನಿನ್ನ ನೋಡಬೇಕಂತಾಳ. ನಡಿ."

ತವರೂರು ಕಾಗಿನೆಲೆಯ ಬಸ್ಸು ದಾರಿಯಲ್ಲಿ ಬ್ಯಾಡಗಿಯಲ್ಲಿ ನಿಂತಾಗ ಅವಳನ್ನು ಹೋಟೆಲಿಗೆ ಕರೆದೊಯ್ದ. ಅವಳಿಗೆ ಇಡ್ಲಿ ತರಿಸಿ ತಾನು ನೀರಷ್ಟೇ ಕುಡಿದ. ಅಕ್ಕನ ತಟ್ಟೆಗೆ ಕೈ ಹಾಕಿಯೇ ಬೆಳೆದವನು ಅವನು. "ತಿನ್ನು. ಮನ್ಯಾಗ ಊಟಕ್ಕ ಹೊತ್ತಾಕ್ಕತಿ."

ಶ್ರೀದೇವಿ ತಟ್ಟೆಯನ್ನೇ ನೋಡಿದಳು. ಹೆಣ ಎತ್ತುವವರೆಗೆ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಅದಕ್ಕೇ ಹೆಣ್ಣುಮಕ್ಕಳನ್ನು ಕರೆತರಲು ಹೋದವರು ದಾರಿಯಲ್ಲೇ ಏನಾದರೂ ತಿನ್ನಿಸುತ್ತಾರೆ, ಸುದ್ದಿ ಮಾತ್ರ ಹೇಳುವುದಿಲ್ಲ. ಅಪ್ಪ ಹೋದಾಗ ಚಿಕ್ಕಪ್ಪ ಇದೇ ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಕೊಡಿಸಿದ್ದ. ಕತೆಯ ಕೊಡದ ಅರ್ಥ ಬಿಡಿಸುವವಳಿಗೆ ಎರಡು ಇಡ್ಲಿಯ ಅರ್ಥ ತಿಳಿಯದೆ ಹೋದೀತೇ? ತಿಳಿಯದೆ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು.

ತಟ್ಟೆ ಸರಿಸಿದರೆ ಅವನು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು. ಎರಡನ್ನೂ ತಿಂದಳು.

ಬಸ್ಸು ಹೊರಟಿತು. "ಮುಂಜಾನಿಯಿಂದ ಹೇಳು," ಎಂದಳು. "ಅವ್ವ ಎದ್ದಾಗಿಂದ."

ಫಕ್ಕೀರೇಶ ಕಿಟಕಿಯತ್ತ ಮುಖ ತಿರುಗಿಸಿದ. "ಲಗೂನ ಎದ್ಲು. ಅಂಗಳಾ ಉಡುಗಿದ್ಲು. ನನಗ ಚಾ ಕೊಟ್ಟು, ಶ್ರೀದೇವಿ ಈ ಅಮಾಸಿಗರೆ ಬರ್ತಾಳೋ ಇಲ್ಲೋ ಅಂದ್ಲು." ಮುಂದಿನ ಸೀಟಿನ ಕಂಬಿ ಹಿಡಿದುಕೊಂಡ. "ಆಮ್ಯಾಲೆ ಕೊಡ ತಗೊಂಡು ನಳಕ್ಕ ಹೋದ್ಲು. ತುಂಬಿಸ್ಕೊಂಡು ಹೊಳ್ಳಿ ಬರಾಕತ್ತಿದ್ಲು ಅಕ್ಕಾ, ಊರ ಅಗಸಿ ಬಾಗಲದ ಹತ್ರ..."

ಶ್ರೀದೇವಿ ಅವನ ಬಾಯಿಯ ಮೇಲೆ ಕೈ ಇಟ್ಟಳು. ಆ ಕತೆಗಾರ ಸಾವನ್ನು ಯಾಕೆ ಮೊದಲೇ ಹೇಳಿ ಮುಗಿಸಿದ್ದನೆಂದು ಈಗ ತಿಳಿಯಿತು. ಕೊನೆಗೆ ಆ ಹೆಂಗಸನ್ನು ಇನ್ನೂ ನಡೆಯುತ್ತಿರುವಂತೆ ನೀರಿನ ದಾರಿಯಲ್ಲೇ ಬಿಟ್ಟು ಬರಬೇಕಿತ್ತು ಅವನಿಗೆ.

"ಸಾಕು ತಮ್ಮಾ," ಎಂದಳು. "ಕಾಗಿನೆಲಿ ಬರೂಮಟಾ ಅವ್ವ ಬರ್ತಿರಲಿ."