ವಾಲ್ವಿನ ಮೇಲಿನ ಕಲ್ಲು

ಮಾರ್ಗಶಿರದ ಒಂದು ಸಂಜೆ, ಸಂಗೀತ ಸಭೆಯೊಳಗೆ ತಂಬೂರಿ ಶ್ರುತಿಗೆ ಬರುವ ಹೊತ್ತಿಗೆ ಇದು ಶುರುವಾಯಿತು. ಸಭೆಯ ಹಿಂದೆಯೇ ಶೀನನ ಕ್ಯಾಂಟೀನು. ಇಡ್ಲಿ ಬೇಯಿಸುವ ಬಾಯ್ಲರಿನಲ್ಲಿ ಹಬೆ ಹೆಚ್ಚಾದರೆ ಸೇಫ್ಟಿ ವಾಲ್ವು ಎದ್ದು ಬುಸ್ಸೆನ್ನುತ್ತಿತ್ತು, ಅದೂ ಆಲಾಪನೆಯ ನಡುವೆ. ಇನ್ನೊಮ್ಮೆ ಸದ್ದು ಕೇಳಿದರೆ ಬರುವ ವರ್ಷ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಸಭೆಯ ಕಾರ್ಯದರ್ಶಿ ಹೇಳಿ ಹೋದರು. ಶೀನ ಅಡುಗೆಯ ಕಾಂತಪ್ಪನಿಗೆ ಹೇಳಿ ವಾಲ್ವಿನ ಮೇಲೊಂದು ತೂಕದ ಕಲ್ಲು ಇಡಿಸಿದ.

ಕಾಫಿಗೆ ಬಂದ ಶಂಕರನಾರಾಯಣರು ಅದನ್ನು ಕಂಡರು. ಪೆರಂಬೂರಿನ ರೈಲ್ವೆ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದವರು. ಅವರ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಘ ಹೋಟೆಲುಗಳ ಬಾಯ್ಲರನ್ನು ಪುಕ್ಕಟೆ ನೋಡಿಕೊಡುತ್ತಿತ್ತು.

"ಆ ಕಲ್ಲು ತೆಗಿಯಪ್ಪಾ ಶೀನಾ. ನಾಳೆ ಸಂಘದವರನ್ನ ಕರ್ಕೊಂಡು ಬರ್ತೀನಿ. ಒಂದೇ ದಿನ ನಿಲ್ಸು, ಪೋದುಂ, ಅಷ್ಟೇ ಸಾಕು."

"ಕಚೇರಿ ಸೀಸನ್ ಮುಗೀಲಿ ಸಾರ್. ಈಗ ನಿಲ್ಲಿಸಿದ್ರೆ ಇಡ್ಲಿ ಬದಲು ನಾನು ಕೂತು ಹಾಡ್ಬೇಕಷ್ಟೆ."

ಅವರು ನಕ್ಕರು. ಅವರೆದುರಿಗೇ ಕಲ್ಲು ಕೆಳಗಿಳಿಯಿತು. ಮರುದಿನ ಮತ್ತೆ ಬುಸ್ಸೆಂದಾಗ, ಶೀನನ ಮಾತಿಗೆ ಕಾಂತಪ್ಪ ಅದನ್ನು ಮತ್ತೆ ಮೇಲಿಟ್ಟ.

ಹೊಸ ವರ್ಷದ ಮುಂಜಾನೆ ಒಳಗೆ ಒತ್ತಡ ಹೆಚ್ಚಿ ಬಾಯ್ಲರಿನ ಪೈಪು ಕಿತ್ತುಹೋಗಿ, ಹಬೆ ಕಾಂತಪ್ಪನ ಬಲಗೈಗೆ ಹೊಡೆಯಿತು. ಕೈಯೇನೋ ಉಳಿಯಿತು, ಬೆರಳು ಮಡಚಲು ಬಾರದು.

ಯಾರ ತಪ್ಪೆಂದು ತಿಳಿಯದೆ ಕ್ಯಾಂಟೀನು ತೆರೆಯಬೇಡಿ ಎಂದ ಸಭೆಯವರು ವಿಚಾರಣೆಯನ್ನು ಸಂಘಕ್ಕೆ ಒಪ್ಪಿಸಿದರು. ತೆಗೆದ ಕಲ್ಲನ್ನು ಮತ್ತೆ ಇಟ್ಟವರು ಯಾರು ಎಂದು ಶಂಕರನಾರಾಯಣರು ಕೇಳಿದರು.

"ಇಟ್ಟದ್ದು ನಾನು," ಎಂದು ಕಾಂತಪ್ಪ ಶೀನನ ಕಡೆ ನೋಡಿದ. ಮಿಕ್ಕ ಮಾತನ್ನು ಧಣಿ ಹೇಳಲಿ ಎಂದು ಬಿಟ್ಟಿದ್ದ. ಇಡಿಸಿದ್ದು ನಾನು ಎನ್ನಲು ಶೀನ ಬಾಯಿ ತೆರೆದ. ಬಾಗಿಲು ಹಾಕಿದ ಕ್ಯಾಂಟೀನು ಕಣ್ಣಿಗೆ ಕಟ್ಟಿತು. ನೆಲ ನೋಡುತ್ತ ಕೂತ.

ಅಡುಗೆಯವನ ತಪ್ಪೆಂದು ತೀರ್ಮಾನವಾಯಿತು. ಕ್ಯಾಂಟೀನು ಉಳಿಯಿತು. ಸಂಘ ಹೋಟೆಲಿನವರನ್ನೆಲ್ಲ ಕರೆಸಿ ಬಾಯ್ಲರಿನ ಬಗ್ಗೆ ಪಾಠ ಮಾಡಿತು. ತಿಳಿವಳಿಕೆಯಿಲ್ಲದವನೊಬ್ಬ ಹೀಗೆ ಕೈ ಸುಟ್ಟುಕೊಂಡ ಎಂದು ಶಂಕರನಾರಾಯಣರು ಹೇಳಿದಾಗ ಎಲ್ಲರೂ ತಲೆಯಾಡಿಸಿದರು. ಶೀನನ ತಲೆಯೂ ಆಡಿತು. ಆಮೇಲೆ ಅವನಿಗೆ ಅಲ್ಲಿ ಕೊಟ್ಟ ಊಟ ಸೇರಲಿಲ್ಲ.

ಅಲ್ಲಿಂದ ನೇರ ಕ್ಯಾಂಟೀನಿಗೆ ಬಂದು, ನಾಳೆಯೇ ಹೋಗಿ ನಿಜ ಹೇಳುತ್ತೇನೆ, ನೀವು ಇಲ್ಲೇ ಇರಿ ಕಾಂತಪ್ಪಣ್ಣ ಎಂದು ಬೇಡಿಕೊಂಡ. ಊರಿಗೆ ಹೊರಟಿದ್ದ ಕಾಂತಪ್ಪ ಎಡಗೈಯಲ್ಲಿ ಬಟ್ಟೆ ಮಡಚುತ್ತಿದ್ದ.

"ಕೈ ಹೋದದ್ದಕ್ಕೆ ನಾನು ಹೋಗುವುದಲ್ಲ ಧಣಿ. ಅವತ್ತು ನೀವು ಒಂದು ಮಾತು ಹೇಳಿದ್ರೆ ನಿಲ್ತಿದ್ದೆ."

ಪೊಂಗಲ್ ಕಳೆದ ಮರುದಿನ, ಶುಕ್ರವಾರ, ಕಾಂತಪ್ಪ ಮಂಗಳೂರಿನ ರೈಲು ಹತ್ತಿದ.